ಅಕ್ರಮದ ‘ಅ’, ಬಗರ್ ಹುಕುಮಿನ ‘ಬಗರ್’: ಒಂದೇ ಜಮೀನಿನ ಮೂರು ಹೆಸರುಗಳು

ಹಾಸನ ಅಥವಾ ಚಿಕ್ಕಮಗಳೂರು ಜಿಲ್ಲೆಯ ಯಾವುದೇ ತಾಲ್ಲೂಕು ಕಚೇರಿಯಲ್ಲಿ ನಮೂನೆ 57ರ, ಅಂದರೆ ಮಂಜೂರಾತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮಗೊಳಿಸಲು ಕೋರುವ ಅರ್ಜಿಯ, ಕಡತವೊಂದನ್ನು ಬಿಚ್ಚಿ ನೋಡಿದರೆ, ಅಲ್ಲಿರುವ ಒಂದೆರಡು ಎಕರೆ ಜಮೀನಿಗೆ ಮೂರು ಹೆಸರುಗಳಿರುವುದು ಕಣ್ಣಿಗೆ ಬೀಳುತ್ತದೆ. ಉಳುವವರು ಅದನ್ನು ಬಗರ್ ಹುಕುಂ ಜಮೀನು ಎನ್ನುತ್ತಾರೆ. ಕಾಯ್ದೆಯ ಕನ್ನಡ ಅದನ್ನು ಅನಧಿಕೃತ ಸಾಗುವಳಿ ಎಂದು ಕರೆಯುತ್ತದೆ. ಅರ್ಜಿಗಳ ಮೇಲೆ ತೀರ್ಮಾನ ಕೈಗೊಳ್ಳುವ ಸಮಿತಿಯನ್ನು ಜನರೂ ಪತ್ರಿಕೆಗಳೂ ಅಕ್ರಮ-ಸಕ್ರಮ ಸಮಿತಿ ಎಂದೇ ಗುರುತಿಸುವುದರಿಂದ, ಅದೇ ಭೂಮಿ ಅಲ್ಲಿ ಅಕ್ರಮ ಎನಿಸಿಕೊಳ್ಳುತ್ತದೆ. ಬಗರ್, ಅನ್, ಅ: ಈ ಮೂರು ತುಣುಕುಗಳೂ ಪದದ ಮುಂಭಾಗದಲ್ಲಿ ನಿಂತು ‘ಇಲ್ಲ’ ಎಂಬ ಅರ್ಥವನ್ನೇ ಕೊಡುತ್ತವೆ. ಆದರೆ ಮೂರೂ ಹೇಳುವ ‘ಇಲ್ಲ’ ಒಂದೇ ಅಲ್ಲ. ಒಂದು ಅರಬ್ಬಿಯಿಂದ ಪರ್ಷಿಯನ್ನಿನ ಮೂಲಕ ಬಂದದ್ದು, ಇನ್ನೊಂದು ಇಂಗ್ಲಿಷ್ ಕಾನೂನನ್ನು ಸಂಸ್ಕೃತಕ್ಕೆ ಹೊಲಿದು ತಂದದ್ದು, ಮತ್ತೊಂದು ಸಂಸ್ಕೃತದ್ದೇ. ಈ ಮೂರರಲ್ಲಿ ಯಾವುದನ್ನು ಬರೆಯುತ್ತೇವೆ ಎಂಬುದು ಆ ಜಮೀನಿನಲ್ಲಿ ರಾಗಿಯನ್ನೋ ಆಲೂಗಡ್ಡೆಯನ್ನೋ ಬೆಳೆಯುತ್ತಿರುವ ಮನುಷ್ಯನನ್ನು ನಾವು ಯಾರೆಂದು ತಿಳಿಯುತ್ತೇವೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ನನ್ನ ನಂಬಿಕೆ.

ಈ ವಿಷಯ ನನ್ನ ತಲೆಗೆ ಹೊಕ್ಕದ್ದು ಒಬ್ಬ ಅಜ್ಜಿಯಿಂದ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ಕಚೇರಿಯ ಹೊರಗೆ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವರ ಪಕ್ಕದಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ಬರೆಯುವವರು ತಾವು ಬರೆದುದನ್ನು ಗಟ್ಟಿಯಾಗಿ ಓದಿ ಹೇಳಿದಾಗ, ‘ಅಕ್ರಮವಾಗಿ ಸಾಗುವಳಿ ಮಾಡಿಕೊಂಡು ಬಂದಿರುತ್ತೇನೆ’ ಎಂಬಲ್ಲಿ ಅಜ್ಜಿ ತಡೆದರು. “ಅಕ್ರಮ ಅಂತ ಯಾಕಪ್ಪ ಬರಿತೀಯ? ನಾವೇನು ಕದ್ದಿದೀವಾ? ನಮ್ಮತ್ತೆ ಕಾಲದಿಂದ ಉತ್ಕೊಂಡು ಬಂದಿರೋದು” ಎಂದರು. “ಎಲ್ಲಾರೂ ಹಂಗೇ ಬರೆಯೋದು ಕಣಜ್ಜಿ” ಎಂದು ಅವರು ಉತ್ತರ ಕೊಟ್ಟರು. ಅಜ್ಜಿ ಓದು ಬಲ್ಲವರಲ್ಲ. ಆದರೂ ‘ಬಗರ್ ಹುಕುಂ’ ಎಂಬ ಪದದಲ್ಲಿ ಇಲ್ಲದ ಒಂದು ಆರೋಪ ‘ಅಕ್ರಮ’ ಎಂಬ ಪದದಲ್ಲಿದೆ ಎಂಬುದು ಅವರ ಕಿವಿಗೆ ತಿಳಿದಿತ್ತು. ಆ ಆರೋಪ ಪದದ ಯಾವ ಭಾಗದಲ್ಲಿ ಕುಳಿತಿದೆ ಎಂದು ಹುಡುಕಿದರೆ ಅದು ಮೊದಲ ಅಕ್ಷರಕ್ಕೇ ಕರೆದೊಯ್ಯುತ್ತದೆ.

ಸಂಸ್ಕೃತದ ಈ ‘ಅ’ ಬಹಳ ಹಳೆಯದು. ವ್ಯಂಜನದ ಮುಂದೆ ‘ಅ’ ಆಗಿಯೂ (ಅಧರ್ಮ, ಅಶಾಂತಿ) ಸ್ವರದ ಮುಂದೆ ‘ಅನ್’ ಆಗಿಯೂ (ಅನಂತ, ಅನುಚಿತ) ಕಾಣಿಸಿಕೊಳ್ಳುವ ಈ ಪೂರ್ವಪ್ರತ್ಯಯ ಗ್ರೀಕಿನಲ್ಲಿಯೂ ಹೆಚ್ಚುಕಡಿಮೆ ಇದೇ ನಿಯಮದಂತೆ ‘ಅ’ ಮತ್ತು ‘ಅನ್’ ಆಗಿದೆ. ಲ್ಯಾಟಿನ್ನಿನಲ್ಲಿ ಇದರ ರೂಪ ‘ಇನ್’, ಇಂಗ್ಲಿಷ್ ಮತ್ತು ಜರ್ಮನ್ ಭಾಷೆಗಳಲ್ಲಿ ‘ಅನ್’ ಹಾಗೂ ‘ಉನ್’. ಇವೆಲ್ಲವೂ ಮೂಲ ಇಂಡೋ-ಯುರೋಪಿಯನ್ ಭಾಷೆಯಲ್ಲಿದ್ದ, ಸ್ವರದಂತೆ ತಾನೇ ಒಂದು ಉಚ್ಚಾರಾಂಶವಾಗಿ ನಿಲ್ಲಬಲ್ಲ ‘ನ್’ ಎಂಬ ಒಂದೇ ಧ್ವನಿಯಿಂದ ಬಂದವು ಎಂದು ಭಾಷಾವಿಜ್ಞಾನಿಗಳು ತೋರಿಸಿದ್ದಾರೆ. ನಮ್ಮ ‘ಅಜ್ಞಾತ’, ಗ್ರೀಕಿನ ‘ಅಗ್ನೋತೋಸ್’, ಲ್ಯಾಟಿನ್ನಿನ ‘ಇಗ್ನೋತುಸ್’, ಇಂಗ್ಲಿಷಿನ ‘ಅನ್‌ನೋನ್’ ಇವುಗಳಲ್ಲಿ ಮುಂದಿನ ನಿಷೇಧವೂ ಹಿಂದಿನ ‘ತಿಳಿ’ ಎಂಬ ಧಾತುವೂ ಒಂದೇ ಮೂಲದವು. ‘ಅಮೃತ’ಕ್ಕೆ ಗ್ರೀಕಿನಲ್ಲಿ ‘ಅಂಬ್ರೋತೋಸ್’ ಎಂಬ ಸೋದರಪದವಿದೆ. ಸಾವಿಲ್ಲದ್ದು ಎಂದೇ ಅಲ್ಲಿಯೂ ಅರ್ಥ, ಗ್ರೀಕ್ ದೇವತೆಗಳ ಆಹಾರಕ್ಕೆ ಹೆಸರು ಬಂದದ್ದೂ ಅದರಿಂದಲೇ.

ಪಾಣಿನಿ ಇದೇ ಸಂಗತಿಯನ್ನು ಇನ್ನೊಂದು ತುದಿಯಿಂದ ಹಿಡಿದ. ಅವನ ವ್ಯವಸ್ಥೆಯಲ್ಲಿ ನಿಷೇಧದ ಮೂಲರೂಪ ‘ನಞ್’, ಅಂದರೆ ‘ನ’ ಎಂಬ ಅವ್ಯಯ. ಸಮಾಸದಲ್ಲಿ ‘ನಲೋಪೋ ನಞಃ’ ಎಂಬ ಸೂತ್ರದಂತೆ ಅದರ ನಕಾರ ಬಿದ್ದುಹೋಗಿ ‘ಅ’ ಉಳಿಯುತ್ತದೆ. ಉತ್ತರಪದ ಸ್ವರದಿಂದ ಆರಂಭವಾದರೆ ‘ತಸ್ಮಾನ್ನುಡಚಿ’ ಎಂಬ ಮುಂದಿನ ಸೂತ್ರದಂತೆ ನಡುವೆ ಮತ್ತೆ ಒಂದು ನಕಾರ ಬಂದು ಸೇರುತ್ತದೆ. ಇತಿಹಾಸದ ಲೆಕ್ಕದಲ್ಲಿ ಮೊದಲಿದ್ದದ್ದು ನಕಾರವೇ, ವ್ಯಂಜನದ ಮುಂದೆ ಅದು ‘ಅ’ ಆಗಿ ಕರಗಿತು. ಆದರೂ ‘ಅ’ದ ಒಳಗೆ ‘ನ’ ಇದೆ ಎಂಬ ಪಾಣಿನಿಯ ನೋಟ ಇಂದಿಗೂ ಸರಿಯಾಗಿಯೇ ನಿಂತಿದೆ.

ನಮ್ಮ ಚರ್ಚೆಗೆ ಇದಕ್ಕಿಂತ ಮುಖ್ಯವಾದದ್ದು ನಞಿನ ಅರ್ಥವನ್ನು ಕುರಿತು ಸಂಸ್ಕೃತ ವೈಯಾಕರಣರು ಮಾಡಿದ ವಿಚಾರ. ‘ತತ್ಸಾದೃಶ್ಯಮಭಾವಶ್ಚ ತದನ್ಯತ್ವಂ ತದಲ್ಪತಾ, ಅಪ್ರಾಶಸ್ತ್ಯಂ ವಿರೋಧಶ್ಚ ನಞರ್ಥಾಃ ಷಟ್ ಪ್ರಕೀರ್ತಿತಾಃ’ ಎಂಬ ಪ್ರಸಿದ್ಧ ಕಾರಿಕೆ ಈ ಒಂದಕ್ಷರಕ್ಕೆ ಆರು ಅರ್ಥಗಳನ್ನು ಎಣಿಸುತ್ತದೆ. ‘ಅಬ್ರಾಹ್ಮಣ’ ಎಂದರೆ ಬ್ರಾಹ್ಮಣನಂತೆ ತೋರುವ, ಆದರೆ ಬ್ರಾಹ್ಮಣನಲ್ಲದವನು, ಇದು ಸಾದೃಶ್ಯ. ‘ಅಪಾಪ’ ಎಂದರೆ ಪಾಪವಿಲ್ಲದಿರುವಿಕೆ, ಇದು ಅಭಾವ. ‘ಅನಶ್ವ’ ಎಂದರೆ ಕುದುರೆಯಿಂದ ಬೇರೆಯಾದದ್ದು. ‘ಅನುದರಾ ಕನ್ಯಾ’ ಎಂದರೆ ಹೊಟ್ಟೆಯೇ ಇಲ್ಲದ ಹುಡುಗಿಯಲ್ಲ, ಸಣ್ಣ ನಡುವಿನ ಹುಡುಗಿ, ಇಲ್ಲಿ ‘ಅ’ ಅಲ್ಪತೆಯನ್ನು ಹೇಳುತ್ತದೆ. ಹಸು ಕುದುರೆಗಳನ್ನು ಬಿಟ್ಟು ಉಳಿದವು ‘ಅಪಶು’ಗಳು ಎಂದಾಗ ಅವು ಪ್ರಶಸ್ತವಲ್ಲ ಎಂದು ಅರ್ಥ. ‘ಅಧರ್ಮ’ ಎಂದಾಗ ಧರ್ಮದ ಅಭಾವ ಮಾತ್ರವಲ್ಲ, ಧರ್ಮಕ್ಕೆ ವಿರೋಧ.

ಈ ಆರು ಕೋಣೆಗಳಲ್ಲಿ ‘ಅಕ್ರಮ’ ಯಾವುದರಲ್ಲಿ ವಾಸಿಸುತ್ತದೆ? ಕ್ರಮ ಎಂದರೆ ಹೆಜ್ಜೆ, ಆಮೇಲೆ ಹೆಜ್ಜೆಗಳ ಸಾಲು, ಆಮೇಲೆ ವಿಧಾನ. ಸಾಗುವಳಿಗೆ ಬೇಕಾದ ಮಂಜೂರಾತಿಯ ವಿಧಾನ ಇನ್ನೂ ನಡೆದಿಲ್ಲ ಎಂದಷ್ಟೇ ಹೇಳಬೇಕಾದರೆ ‘ಅಕ್ರಮ’ ಅಭಾವದ ಕೋಣೆಯಲ್ಲಿರಬೇಕು. ಆದರೆ ಇವತ್ತಿನ ಕನ್ನಡದಲ್ಲಿ ಅಕ್ರಮ ಮದ್ಯ, ಅಕ್ರಮ ಮರಳು ಸಾಗಣೆ, ಚುನಾವಣಾ ಅಕ್ರಮ, ಅಕ್ರಮ ಆಸ್ತಿ ಎಂಬ ಬಳಕೆಗಳ ನಡುವೆ ಕುಳಿತು ಆ ಪದ ಕಡೆಯ ಎರಡು ಕೋಣೆಗಳಿಗೆ, ಅಪ್ರಾಶಸ್ತ್ಯ ಮತ್ತು ವಿರೋಧಕ್ಕೆ, ಪೂರ್ತಿಯಾಗಿ ಸರಿದುಹೋಗಿದೆ. ಅದು ಈಗ ಸ್ಥಿತಿಯನ್ನು ಹೇಳುವುದಿಲ್ಲ, ತಪ್ಪನ್ನು ಹೇಳುತ್ತದೆ. ಅಜ್ಜಿಯ ಕಿವಿ ಹಿಡಿದದ್ದು ಇದನ್ನೇ.

ಕನ್ನಡದ್ದೇ ಆದ ದಾರಿ ಬೇರೆ. ದ್ರಾವಿಡ ಭಾಷೆಗಳು ಪದದ ಹಿಂದೆ ಪ್ರತ್ಯಯಗಳನ್ನು ಸೇರಿಸುತ್ತ ಹೋಗುವ ಭಾಷೆಗಳು, ನಿಷೇಧವೂ ಹಿಂದೆಯೇ ಬರುತ್ತದೆ. ಕೇಳದ, ಬಾರದ, ಅಳಿಯದ, ತಿಳಿಯದೆ. ಮುನ್ನೋಟ, ಹಿನ್ನೀರು, ಮೇಲ್ಪಂಕ್ತಿ, ಹೆದ್ದಾರಿ, ಹೆಬ್ಬಾಗಿಲು ಮುಂತಾದವುಗಳಲ್ಲಿ ಮುಂಭಾಗದ ತುಣುಕು ಪೂರ್ವಪ್ರತ್ಯಯದಂತೆ ಕಂಡರೂ ಅವು ಮುಂದು, ಹಿಂದು, ಮೇಲು, ಹಿರಿದು ಎಂಬ ಸ್ವತಂತ್ರ ಪದಗಳು ಸಮಾಸದಲ್ಲಿ ಕುಗ್ಗಿದ ರೂಪಗಳು. ಹಿರೇಮಗಳೂರು ಮತ್ತು ಚಿಕ್ಕಮಗಳೂರು ಎಂಬ ಹೆಸರುಗಳ ಹಿರೇ, ಚಿಕ್ಕಗಳೂ ಹಾಗೆಯೇ. ಆದರೆ ‘ಇಲ್ಲ’ ಎಂಬ ಅರ್ಥವನ್ನು ಪದದ ಮುಂದೆ ಅಂಟಿಸುವ ಒಂದು ತುಣುಕೂ ಅಚ್ಚಕನ್ನಡದಲ್ಲಿ ಇಲ್ಲ.

ಹಳಗನ್ನಡದ ನಿಷೇಧ ಕ್ರಿಯಾರೂಪ ಇನ್ನೂ ವಿಶೇಷವಾದದ್ದು. ಧಾತುವಿಗೆ ಕಾಲಸೂಚಕವನ್ನು ಸೇರಿಸದೆ ನೇರವಾಗಿ ಪುರುಷಪ್ರತ್ಯಯವನ್ನು ಹಚ್ಚಿದರೆ ಸಾಕು, ಕ್ರಿಯೆ ನಡೆಯಲಿಲ್ಲ ಅಥವಾ ನಡೆಯದು ಎಂದಾಗುತ್ತದೆ: ಅರಿಯೆ, ಒಲ್ಲೆ, ಕಾಣೆ. ಕಾಲವನ್ನು ತೆಗೆದದ್ದೇ ನಿಷೇಧ. ಪೊಲೀಸ್ ಪ್ರಕಟಣೆಯಲ್ಲಿ ಇಂದಿಗೂ ‘ಕಾಣೆಯಾಗಿದ್ದಾರೆ’ ಎಂದು ಬರೆಯುವಾಗ ನಾವು ‘ನಾನು ಕಾಣೆನು’ ಎಂಬ ಆ ಹಳೆಯ ರೂಪವನ್ನೇ ಬಳಸುತ್ತೇವೆ. ಅದೇ ಸುದ್ದಿಯ ತಲೆಬರಹದಲ್ಲಿ ‘ನಾಪತ್ತೆ’ ಎಂದಿರುತ್ತದೆ, ಅಲ್ಲಿ ‘ಪತ್ತೆ’ಯ ಮುಂದೆ ಪರ್ಷಿಯನ್ನಿನ ‘ನಾ’ ಕುಳಿತಿರುತ್ತದೆ. ಒಂದೇ ಮನುಷ್ಯ ಕಾಣದಾದುದನ್ನು ಹೇಳಲು ಎರಡು ಭಾಷಾಕುಲಗಳ ನಿಷೇಧಗಳು ಒಂದೇ ಪುಟದಲ್ಲಿ ಸೇರುತ್ತವೆ.

ಕನ್ನಡದ ಇನ್ನೊಂದು ಸಂಪತ್ತು ‘ಇಲ್ಲ’ ಮತ್ತು ‘ಅಲ್ಲ’ಗಳ ವ್ಯತ್ಯಾಸ. ಹಿಂದಿ ‘ನಹೀಂ’ ಎನ್ನುವಲ್ಲಿ, ಇಂಗ್ಲಿಷ್ ‘ನಾಟ್’ ಎನ್ನುವಲ್ಲಿ, ಕನ್ನಡ ನಿಂತು ಕೇಳುತ್ತದೆ: ವಸ್ತು ಇಲ್ಲವೋ, ಅಥವಾ ಇರುವುದು ಆ ವಸ್ತುವಲ್ಲವೋ? ತಮಿಳು, ಮಲಯಾಳಗಳಲ್ಲಿಯೂ ಈ ಭೇದವಿದೆ, ತೆಲುಗು ಇದನ್ನು ‘ಲೇದು’ ಮತ್ತು ‘ಕಾದು’ ಎಂದು ಹೇಳುತ್ತದೆ. ಸಂಸ್ಕೃತದ ಕಾರಿಕೆ ಒಂದೇ ‘ಅ’ದೊಳಗೆ ಅಡಗಿಸಿ ವ್ಯಾಖ್ಯಾನಕಾರರಿಗೆ ಬಿಟ್ಟ ಎರಡು ಅರ್ಥಗಳನ್ನು, ಅಭಾವವನ್ನೂ ಅನ್ಯತ್ವವನ್ನೂ, ನಮ್ಮ ಮಕ್ಕಳು ಶಾಲೆಗೆ ಹೋಗುವ ಮೊದಲೇ ಬೇರೆ ಬೇರೆ ಪದಗಳಿಂದ ಹೇಳುತ್ತಾರೆ. ಹುಕುಂ ಇಲ್ಲದ ಸಾಗುವಳಿ ಬೇರೆ, ಕ್ರಮವಲ್ಲದ ಸಾಗುವಳಿ ಬೇರೆ. ಮೊದಲನೆಯದರಲ್ಲಿ ಒಂದು ಕಾಗದದ ಕೊರತೆ ಇದೆ, ಎರಡನೆಯದರಲ್ಲಿ ಒಂದು ನಡತೆಯ ತೀರ್ಪು ಇದೆ.

ನಿಷೇಧವನ್ನು ಹಿಂದೆ ಇಡುವ ಭಾಷೆ ಕನ್ನಡವೊಂದೇ ಅಲ್ಲ. ತುರ್ಕಿಯಲ್ಲಿ ‘ಸು’ ಎಂದರೆ ನೀರು, ‘ಸುಸುಜ್’ ಎಂದರೆ ನೀರಿಲ್ಲದ. ಹಂಗೇರಿಯನ್ನಿನಲ್ಲಿಯೂ ಇಲ್ಲದಿರುವಿಕೆ ಹಿಂದಿನ ಪ್ರತ್ಯಯದಿಂದಲೇ ಬರುತ್ತದೆ. ನಮಗೆ ಹೆಚ್ಚು ಹತ್ತಿರವಾದ ಉದಾಹರಣೆ ಜಪಾನಿಯದು. ಅದೂ ಕ್ರಿಯಾಪದದ ಹಿಂದೆ ‘ನೈ’ ಎಂದು ನಿಷೇಧ ಹೇಳುವ ಭಾಷೆ. ಆದರೆ ನಾವು ಸಂಸ್ಕೃತದಿಂದ ಪಡೆದಂತೆ ಅದು ಚೀನೀ ಭಾಷೆಯಿಂದ ಶಾಸ್ತ್ರಪದಗಳನ್ನೂ ಅವುಗಳೊಂದಿಗೆ ಮುಂಭಾಗದ ನಿಷೇಧಗಳನ್ನೂ ಪಡೆಯಿತು. ಪಡೆದದ್ದು ಒಂದಲ್ಲ, ನಾಲ್ಕು. ‘ಮು’ ಎಂದರೆ ಇಲ್ಲದ, ‘ಹಿ’ ಎಂದರೆ ಅಲ್ಲದ, ‘ಫು’ ಎಂದರೆ ಸಾಮಾನ್ಯ ನಿಷೇಧ, ‘ಮಿ’ ಎಂದರೆ ಇನ್ನೂ ಆಗದ. ಮದುವೆಯಾಗದವರನ್ನು ‘ಮಿಕೋನ್’ ಎನ್ನುವಾಗ ಅದರಲ್ಲಿ ಆಕ್ಷೇಪಣೆ ಇಲ್ಲ, ಆಗಬಹುದಾದದ್ದು ಇನ್ನೂ ಆಗಿಲ್ಲ ಎಂಬ ಸಂಗತಿ ಮಾತ್ರ ಇದೆ. ನಮ್ಮ ಸಂಸ್ಕೃತಮಯ ಆಡಳಿತ ಕನ್ನಡಕ್ಕೆ ‘ಇನ್ನೂ ಆಗದ’ ಎಂಬುದನ್ನು ಮುಂಭಾಗದಲ್ಲಿ ಹೇಳುವ ಸಾಧನವೇ ಇಲ್ಲ. ‘ಅ’ ಬಂದೊಡನೆ ಬಾಗಿಲು ಮುಚ್ಚಿಬಿಡುತ್ತದೆ.

ಸಂಸ್ಕೃತದ ಈ ‘ಅ’ ನಮ್ಮ ನೆಲಕ್ಕೆ ಯಾವಾಗ ಬಂತು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಗುರುತಿಸಿದ, ಸುಮಾರು ಕ್ರಿ.ಶ. 450ರದು ಎಂದು ವಿದ್ವಾಂಸರು ಹೇಳುವ ಶಾಸನ, ಕನ್ನಡದ ಅತ್ಯಂತ ಹಳೆಯ ಬರಹಗಳಲ್ಲಿ ಒಂದು. ಅದು ಆರಂಭವಾಗುವುದು ವಿಷ್ಣುವನ್ನು ಸ್ತುತಿಸುವ ಸಂಸ್ಕೃತ ಶ್ಲೋಕದಿಂದ. ಆ ಸ್ತುತಿಯಲ್ಲಿ ದೇವರ ಹೆಸರು ‘ಅಚ್ಯುತ’, ಅಂದರೆ ಜಾರದವನು, ಬೀಳದವನು. ‘ಅ’ ಸೇರಿದ ಒಂದು ಪದ ಹೀಗೆ ನಮ್ಮ ಭಾಷೆಯ ಮೊದಲ ಕಲ್ಲುಗಳಲ್ಲಿಯೇ ಕೊರೆಯಲ್ಪಟ್ಟಿದೆ. ಪರಿಷ್ವಂಗ, ಸುದರ್ಶನ ಎಂಬ ಉಪಸರ್ಗಸಹಿತ ಪದಗಳೂ ಅದರ ಸುತ್ತ ಇವೆ. ಶ್ಲೋಕ ಮುಗಿದು ಕನ್ನಡ ಆರಂಭವಾದ ಮೇಲೆ ಬರುವ ವಿಷಯವಾದರೂ ಏನು? ಯುದ್ಧದಲ್ಲಿ ಹೋರಾಡಿದ ವಿಜ ಅರಸನಿಗೆ ಪಲ್ಮಿಡಿಯನ್ನೂ ಮೂಳಿವಳ್ಳಿಯನ್ನೂ ಬಾಳ್ಗಚ್ಚಾಗಿ, ಅಂದರೆ ವೀರನ ಕತ್ತಿ ತೊಳೆದು ಕೊಡುವ ಕೊಡುಗೆಯಾಗಿ, ಕೊಟ್ಟ ವಿವರ, ಮತ್ತು ಅದನ್ನು ಅಳಿದವನಿಗೆ ಮಹಾಪಾತಕ ಎಂಬ ಶಾಪ. ಹದಿನಾರು ಸಾಲಿನ ಆ ಕಲ್ಲು ಭೂಮಿಯ ಮಂಜೂರಾತಿ ಪತ್ರವೇ. ಈ ಸೀಮೆಯಲ್ಲಿ ಹುಕುಂ ಇರುವ ಜಮೀನಿಗೆ ಅದಕ್ಕಿಂತ ಹಳೆಯ ಸಾಕ್ಷಿಯನ್ನು ನಾನು ಕಂಡಿಲ್ಲ. ಕತ್ತಿ ಹಿಡಿದವನಿಗೆ ಅಂದು ಕಲ್ಲಿನ ಮೇಲೆ ಹುಕುಂ ಬಂತು, ನೇಗಿಲು ಹಿಡಿದವರು ಯಾರು ಎಂಬುದು ಅಲ್ಲಿ ಬರೆದಿಲ್ಲ.

‘ಅ’ ಬಂದು ಸಾವಿರದೈನೂರು ವರ್ಷಗಳಾದರೂ ಅದು ಕನ್ನಡದ ಮಣ್ಣಿನಲ್ಲಿ ಬೇರು ಬಿಟ್ಟು ಹಬ್ಬಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಸಂಸ್ಕೃತ ಪದಗಳೊಂದಿಗೆ ಅದು ಧಾರಾಳವಾಗಿ ಬಂತು, ‘ಅಶ್ರದ್ಧೆ’ ನಾಲಗೆಯಲ್ಲಿ ಸವೆದು ‘ಅಸಡ್ಡೆ’ಯೂ ಆಯಿತು. ಆದರೆ ಸೊಗಸಿಗೆ ‘ಅಸೊಗಸು’ ಎಂದೋ ನೆಮ್ಮದಿಗೆ ‘ಅನೆಮ್ಮದಿ’ ಎಂದೋ ಹೇಳಿದರೆ ಯಾವ ಕನ್ನಡಿಗನ ಕಿವಿಯೂ ಒಪ್ಪುವುದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಸ್ಕೃತ ಕನ್ನಡಗಳನ್ನು ಬೆರೆಸಿದ ಸಮಾಸವನ್ನು ಅರಿಸಮಾಸವೆಂದು ಕರೆದು, ರೂಢಿಯಲ್ಲಿರುವ ಕೆಲವನ್ನು ಬಿಟ್ಟು ಉಳಿದವನ್ನು ದೋಷವೆಂದದ್ದು ಇದೇ ಕಿವಿಯ ಮಾತು.

ಪರ್ಷಿಯನ್ ಮೂಲದ ನಿಷೇಧಗಳು ಬಂದ ದಾರಿ ದೇವಾಲಯದ್ದಲ್ಲ, ಕಂದಾಯ ಕಚೇರಿಯದು. ಬಿಜಾಪುರದ ಆದಿಲಶಾಹಿ, ಶಿರಾದ ಮೊಘಲ್ ಸುಬಾ, ಆಮೇಲೆ ಟಿಪ್ಪುವಿನ ಆಡಳಿತ, ಅದನ್ನೇ ಮುಂದುವರಿಸಿಕೊಂಡ ಬ್ರಿಟಿಷರ ಕಾಲದ ಮೈಸೂರು, ಇವೆಲ್ಲವುಗಳ ಮೂಲಕ ತಹಶೀಲ್ದಾರ್, ಶಿರಸ್ತೇದಾರ್, ಜಮಾಬಂದಿ, ಮಹಜರು, ತಕರಾರು, ನಕಲು, ಖರಾಬು ಎಂಬ ಪದಗಳು ನಮ್ಮ ಹಳ್ಳಿಗಳ ಮಾತಾದವು. ಅವುಗಳ ಜೊತೆಗೆ ಬಂದ ‘ಬೇ’ ಮಧ್ಯ ಪರ್ಷಿಯನ್ನಿನ ‘ಅಬೇ’ ಎಂಬುದರಿಂದ ಇಳಿದದ್ದು, ‘ಇಲ್ಲದೆ’ ಎಂದು ಅರ್ಥ. ಕೆಲಸವಿಲ್ಲದವನು ಬೇಕಾರ, ಹೆಸರಿಲ್ಲದ್ದು ಬೇನಾಮಿ. ಈ ಕೊನೆಯ ಪದ ಎಷ್ಟು ಗಟ್ಟಿಯೆಂದರೆ 1988ರ ಕೇಂದ್ರ ಕಾಯ್ದೆ ಇಂಗ್ಲಿಷಿನಲ್ಲಿಯೂ ಅದನ್ನು ಬೇನಾಮಿ ಎಂದೇ ಬರೆಯಿತು. ವಾರಸುದಾರರಿಲ್ಲದ್ದು ‘ಬೇವಾರಸು’, ಅದು ನಮ್ಮಲ್ಲಿ ಬೈಗುಳವಾಗಿಬಿಟ್ಟಿತು. ‘ಜವಾಬು’ ಎಂಬ ಅರಬ್ಬಿ ಪದಕ್ಕೆ ಮುಂದೆ ‘ಬೇ’, ಹಿಂದೆ ‘ದಾರಿ’ ಎಂಬ ಪರ್ಷಿಯನ್ ತುಣುಕುಗಳನ್ನು ಜೋಡಿಸಿದ ‘ಬೇಜವಾಬ್ದಾರಿ’ಯನ್ನು ಇಂದು ಯಾರೂ ಪರಕೀಯವೆಂದು ಭಾವಿಸುವುದಿಲ್ಲ.

ಕಂದಾಯ ದಾಖಲೆಗಳ ‘ಬೇಚಿರಾಗ್ ಗ್ರಾಮ’ ಎಂಬ ಪದದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕೆನ್ನಿಸುತ್ತದೆ. ಬೇಚರಾಕ್ ಎಂದೂ ಬರೆಯುವ ಈ ಪದದ ಅರ್ಥ ದೀಪವಿಲ್ಲದ ಊರು. ನಕ್ಷೆಯಲ್ಲಿ ಎಲ್ಲೆಕಟ್ಟು ಇದೆ, ಸರ್ವೆ ನಂಬರುಗಳಿವೆ, ಆದರೆ ಸಂಜೆ ದೀಪ ಹಚ್ಚುವ ಮನೆ ಒಂದೂ ಇಲ್ಲ. ‘ಜನವಸತಿರಹಿತ ಗ್ರಾಮ’ ಎಂದು ಇದನ್ನು ಶುದ್ಧ ಸಂಸ್ಕೃತಕ್ಕೆ ತಂದವರು ಅರ್ಥವನ್ನು ಉಳಿಸಿಕೊಂಡು ದೀಪವನ್ನು ಕಳೆದುಕೊಂಡರು. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತ ಶೆಟ್ಟಿಹಳ್ಳಿಯ ಇಗರ್ಜಿಯನ್ನು ಕತ್ತಲಾಗುವ ಹೊತ್ತಿನಲ್ಲಿ ಕಂಡವರಿಗೆ ಈ ಪದದ ‘ಬೇ’ ಎಂಬ ಒಂದಕ್ಷರದ ಭಾರವನ್ನು ವಿವರಿಸಬೇಕಾಗಿಲ್ಲ.

ಕಣ್ಣಿಗೆ ಪೂರ್ವಪ್ರತ್ಯಯದಂತೆ ತೋರುವುದೆಲ್ಲವೂ ಪೂರ್ವಪ್ರತ್ಯಯವಲ್ಲ ಎಂಬ ಎಚ್ಚರವೂ ಬೇಕು. ‘ಬೇಸಾಯ’ದ ‘ಬೇ’ ಪರ್ಷಿಯನ್ನಿನದಲ್ಲ, ಅದು ‘ವ್ಯವಸಾಯ’ದ ತದ್ಭವ. ಜಮೀನನ್ನು ಅಳೆದು ಬೇರ್ಪಡಿಸಿ ದಾಖಲೆ ಸರಿಪಡಿಸುವ ‘ಪೋಡಿ ದುರಸ್ತಿ’ಯಲ್ಲಿ ಕೇಳಿಸುವ ‘ದುರ್’ ದುರ್ಗತಿ ದುರ್ಭಿಕ್ಷಗಳ ಸಂಸ್ಕೃತ ‘ದುರ್’ ಅಲ್ಲ, ಪರ್ಷಿಯನ್ನಿನ ‘ದುರುಸ್ತ್’ ಎಂದರೆ ಸರಿಯಾದದ್ದು ಎಂದೇ ಅರ್ಥ.

ಇನ್ನು ‘ಬಗರ್’. ಅರಬ್ಬಿಯ ‘ಗೈರ್’ ಮೂಲತಃ ‘ಬೇರೆಯದು’ ಎಂಬ ಅರ್ಥದ ನಾಮಪದ. ಅದು ಪೂರ್ವಪ್ರತ್ಯಯವೇ ಅಲ್ಲ, ಇನ್ನೊಂದು ನಾಮಪದದೊಂದಿಗೆ ಸಂಬಂಧ ಕಟ್ಟಿಕೊಂಡು ‘ಅದಲ್ಲದ’ ಎಂದು ಹೇಳುತ್ತದೆ. ಪರ್ಷಿಯನ್ ಮತ್ತು ಉರ್ದುಗಳಿಗೆ ಬಂದ ಮೇಲೆ ಅದು ಪದಗಳ ಮುಂದೆ ಅಂಟಿಕೊಂಡಿತು, ನಮ್ಮ ಗೈರುಹಾಜರಿಯಲ್ಲಿ ಇರುವುದು ಅದೇ. ‘ಬಿ’ ಎಂಬ ಅರಬ್ಬಿ ಉಪಪದ ಸೇರಿ ‘ಬಿಗೈರ್’ ಆದಾಗ ‘ಇಲ್ಲದೆ’ ಎಂದಾಗುತ್ತದೆ, ನಮ್ಮ ನಾಲಗೆಯಲ್ಲಿ ಅದು ಬಗೈರ್, ಬಗರ್. ‘ಹುಕುಂ’ ತೀರ್ಪು ಕೊಡು ಎಂಬ ಅರ್ಥದ ಅರಬ್ಬಿ ಧಾತುವಿನಿಂದ ಬಂದದ್ದು, ಹುಕೂಮತ್ತು ಹಕೀಮ ಎರಡೂ ಅದರ ಬಂಧುಗಳು. ಎರಡನ್ನೂ ಸೇರಿಸಿದರೆ ಬರುವ ಅರ್ಥ ‘ಆದೇಶವಿಲ್ಲದೆ’. ಅಷ್ಟೇ. ಆದೇಶಕ್ಕೆ ವಿರುದ್ಧವಾಗಿ ಎಂದಲ್ಲ. ಆದೇಶ ಬಂದಿಲ್ಲ, ಉಳುಮೆ ನಡೆದಿದೆ, ಎರಡೂ ನಿಜ ಎಂದು ಹಳೆಯ ಕಂದಾಯ ಗುಮಾಸ್ತನೊಬ್ಬ ತನ್ನ ಪುಸ್ತಕದಲ್ಲಿ ಬರೆದುಕೊಳ್ಳಬಹುದಾದ ಮಾತು ಅದು. ನಞಿನ ಆರು ಕೋಣೆಗಳಲ್ಲಿ ಅದು ಅಭಾವದ ಕೋಣೆಯನ್ನು ಬಿಟ್ಟು ಹೊರಗೆ ಬಂದಿಲ್ಲ.

ಇಂಗ್ಲಿಷ್ ಕಾನೂನು ಇದನ್ನು ‘ಅನಾಥರೈಸ್ಡ್’ ಎಂದು ಅನುವಾದಿಸಿತು, ಕನ್ನಡ ಆಡಳಿತ ಅದನ್ನು ‘ಅನಧಿಕೃತ’ ಎಂದು ಮರಳಿ ಅನುವಾದಿಸಿತು. ಇಂಗ್ಲಿಷಿನ ‘ಅನ್’ ಮತ್ತು ಸಂಸ್ಕೃತದ ‘ಅನ್’ ಒಂದೇ ತಾಯಿಯ ಮಕ್ಕಳಾದುದರಿಂದ ಕಿವಿಗೆ ಈ ಹೊಂದಿಕೆ ಹಿತವಾಗಿಯೇ ಇದೆ. ಆದರೆ ಮಧ್ಯದಲ್ಲಿ ‘ಅಧಿ’ ಎಂಬ ಉಪಸರ್ಗ ಬಂದು ಕೂತದ್ದರಿಂದ ಒಂದು ಸೂಕ್ಷ್ಮ ಬದಲಾವಣೆ ನಡೆಯಿತು. ‘ಅಧಿ’ ಎಂದರೆ ಮೇಲೆ: ಅಧಿಪತಿ, ಅಧಿಕಾರ, ಅಧಿಕೃತ. ಹುಕುಂ ಒಂದು ಕಾಗದ, ಇವತ್ತು ಇಲ್ಲದಿದ್ದರೆ ನಾಳೆ ಬರಬಹುದು. ಅಧಿಕಾರ ಮನುಷ್ಯನಲ್ಲಿ ಇರಬೇಕಾದ ಹಕ್ಕು. ಬಗರ್ ಹುಕುಮಿನಲ್ಲಿ ಕೊರತೆ ಇದ್ದದ್ದು ಕಡತದಲ್ಲಿ, ‘ಅನಧಿಕೃತ’ದಲ್ಲಿ ಅದು ಸಾಗುವಳಿದಾರನ ಕಡೆಗೆ ತಿರುಗಿತು. ಆದರೂ ಈ ಪದ ಶೀತಲವಾದದ್ದು, ಕಾನೂನಿಗೆ ಬೇಕಾದ ತೂಕದ್ದು, ಇದರ ಬಗ್ಗೆ ನನ್ನ ತಕರಾರು ಕಡಿಮೆ.

‘ಅಕ್ರಮ’ದ ಕುಟುಂಬವನ್ನು ನೋಡಿದರೆ ತಕರಾರು ಏಕೆಂದು ಸ್ಪಷ್ಟವಾಗುತ್ತದೆ. ‘ಕ್ರಮ’ದ ಮುಂದೆ ‘ವಿ’ ಸೇರಿದರೆ ವಿಕ್ರಮ. ವಾಮನ ಮೂರು ಹೆಜ್ಜೆ ಭೂಮಿ ಬೇಡಿ ಲೋಕವನ್ನೇ ಅಳೆದ ತ್ರಿವಿಕ್ರಮನಾದುದನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಇಂದಿಗೂ ಕಾಣಬಹುದು. ‘ಪರಾ’ ಸೇರಿದರೆ ಪರಾಕ್ರಮ. ‘ಅತಿ’ ಸೇರಿದರೆ ಎಲ್ಲೆ ದಾಟುವ ಅತಿಕ್ರಮ. ‘ಆ’ ಸೇರಿದರೆ ಮೇಲೆ ಬೀಳುವ ಆಕ್ರಮಣ. ಹೆಜ್ಜೆ ಅದೇ, ಮುಂದಿನ ಅಕ್ಷರ ಬದಲಾದಂತೆ ವೀರನೂ ಆಗಬಹುದು, ಅತಿಕ್ರಮಿಯೂ ಆಗಬಹುದು. ಅಕ್ರಮ ಮತ್ತು ಆಕ್ರಮಗಳ ನಡುವೆ ಬರಹದಲ್ಲಿ ಇರುವುದು ಒಂದು ದೀರ್ಘ ಮಾತ್ರ. ಅರ್ಥದಲ್ಲಿಯೂ ಓದುಗನ ಮನಸ್ಸು ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಜಾರುತ್ತದೆ.

ಅದರ ಜೋಡಿ ‘ಸಕ್ರಮ’. ಇದರ ‘ಸ’ ಕೂಡ ಹಳೆಯ ಮನೆತನದ್ದು, ‘ಒಂದಾಗಿ, ಕೂಡಿ’ ಎಂದು ಅದರ ಅರ್ಥ, ಇಂಗ್ಲಿಷಿನ ‘ಸೇಮ್’ ಅದರ ನೆಂಟ. ಗ್ರೀಕಿನಲ್ಲಿ ಈ ‘ಸ’ದ ಸಕಾರ ಸವೆದು ಕೆಲವು ಪದಗಳಲ್ಲಿ ಬರೀ ‘ಅ’ ಉಳಿಯಿತು. ಹಾಗಾಗಿ ಅಲ್ಲಿ ನಿಷೇಧದ ‘ಅ’ವೂ ಕೂಡುವಿಕೆಯ ‘ಅ’ವೂ ಒಂದೇ ರೂಪದಲ್ಲಿ ನಿಂತಿವೆ. ಸಹೋದರನಿಗೆ ಗ್ರೀಕರು ಹೇಳುವ ‘ಅದೆಲ್ಫೋಸ್’ನ ಅರ್ಥ ಒಂದೇ ಗರ್ಭದವನು, ನಮ್ಮ ‘ಸೋದರ’ನೂ ಸಮಾನವಾದ ಉದರದವನೇ. ಅಲ್ಲಿಯ ‘ಅ’ ಇಲ್ಲಿಯ ‘ಸ’. ನಮ್ಮ ಕಡತಗಳಲ್ಲಿ ಮಾತ್ರ ‘ಅ’ದಿಂದ ‘ಸ’ಕ್ಕೆ ಹೋಗಲು ಮೂವತ್ತು ವರ್ಷಗಳಾದರೂ ಸಾಲುತ್ತಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಗೆ ಸೇರಿಸಿದ ಕಲಂಗಳಡಿ 1990ರ ದಶಕದಲ್ಲಿ ನಮೂನೆ 50 ಮತ್ತು 53, 2018ರಿಂದ ನಮೂನೆ 57 ಬಂದವು. ‘ಫಾರಂ ಹಾಕಿದೀವಿ, ಸಾಗುವಳಿ ಚೀಟಿ ಬಂದಿಲ್ಲ’ ಎಂಬ ಮಾತನ್ನು ಆಲೂರಿನಲ್ಲಿಯೂ ಮೂಡಿಗೆರೆಯಲ್ಲಿಯೂ ಕಡೂರಿನಲ್ಲಿಯೂ ಒಂದೇ ಧಾಟಿಯಲ್ಲಿ ಕೇಳಬಹುದು.

ಇದಕ್ಕೆ ಒಂದು ಗಂಭೀರ ಆಕ್ಷೇಪವಿದೆ, ಅದನ್ನು ಬದಿಗೆ ಸರಿಸುವಂತಿಲ್ಲ. ಗೋಮಾಳಗಳು ಕರಗಿಹೋಗಿವೆ, ಕಾಡಿನ ಅಂಚು ಹಿಂದೆ ಸರಿದಿದೆ, ಬಡವರ ಹೆಸರಿನಲ್ಲಿ ಬಲವುಳ್ಳವರು ಅರ್ಜಿ ಹಾಕಿಸಿದ್ದಾರೆ, ಹೀಗಿರುವಾಗ ‘ಅಕ್ರಮ’ ಎಂಬ ಕಟುವಾದ ಪದವೇ ಸರಿ ಎಂಬುದು ಆ ವಾದ. ಆ ಸಂಗತಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಮಾತು ಏನೆಂದರೆ, ಅವುಗಳಿಗೆ ಕನ್ನಡದಲ್ಲಿ ಸಾಕಷ್ಟು ಖಚಿತವಾದ ಪದಗಳು ಆಗಲೇ ಇವೆ. ಎಲ್ಲೆಯನ್ನು ಒತ್ತಿಕೊಂಡು ಮುಂದೆ ಬಂದರೆ ಅದು ಒತ್ತುವರಿ. ಬಲದಿಂದ ನುಂಗಿದರೆ ಅದು ಕಬಳಿಕೆ, 2011ರ ಭೂ ಕಬಳಿಕೆ ನಿಷೇಧ ಕಾಯ್ದೆ ಆ ಹೆಸರಿನಲ್ಲೇ ಇದೆ. ಬಗರ್ ಹುಕುಂ ಸಕ್ರಮದಲ್ಲಿ ಅರ್ಜಿದಾರನ ಸ್ವಂತ ಭೂಮಿಯೂ ಸೇರಿ ಸುಮಾರು 2 ಹೆಕ್ಟೇರಿನ, ರೈತರ ಬಾಯಲ್ಲಿ 4 ಎಕರೆ 38 ಗುಂಟೆಯ ಮಿತಿಯಿದೆ. ಇನ್ನೊಂದೆಡೆ ಕಾಫಿಯಂಥ ಪ್ಲಾಂಟೇಷನ್ ಬೆಳೆಯಿರುವ ಸರ್ಕಾರಿ ಜಮೀನನ್ನು 25 ಎಕರೆವರೆಗೆ 30 ವರ್ಷಗಳ ಗುತ್ತಿಗೆಗೆ ಕೊಡಲು ಅದೇ ಕಾಯ್ದೆಗೆ ತಿದ್ದುಪಡಿ ತರಲಾಗಿದೆ. ಎರಡು ಎಕರೆಯಲ್ಲಿ ರಾಗಿ ಬಿತ್ತಿದವರನ್ನೂ ಇಪ್ಪತ್ತು ಎಕರೆಯ ತೋಟಕ್ಕೆ ಬೇಲಿ ಹಾಕಿದವರನ್ನೂ ನಗರದಲ್ಲಿ ಮೂರು ಅಂತಸ್ತಿನ ಅನುಮತಿಗೆ ಐದು ಅಂತಸ್ತು ಕಟ್ಟಿದವರನ್ನೂ ಒಂದೇ ‘ಅ’ದ ಅಡಿಯಲ್ಲಿ ನಿಲ್ಲಿಸಿದಾಗ ಆ ಅಕ್ಷರ ಭೇದವನ್ನು ಕಾಣಿಸುವ ಬದಲು ಮುಚ್ಚಿಡುತ್ತದೆ. ವಿಚಿತ್ರವೆಂದರೆ, ದೊಡ್ಡ ತೋಟಗಳ ವಿಷಯಕ್ಕೆ ಬಂದಾಗ ಮಾತು ಬೇಗನೆ ‘ಗುತ್ತಿಗೆ’ ಎಂಬ, ಯಾವ ನಿಷೇಧವೂ ಇಲ್ಲದ ಪದಕ್ಕೆ ಹೊರಳುತ್ತದೆ. ‘ಅಕ್ರಮ’ ಎಂಬ ಹೆಸರು ಹೆಚ್ಚು ಕಾಲ ಅಂಟಿಕೊಂಡಿರುವುದು ಸಣ್ಣ ಹಿಡುವಳಿಗೇ.

ಆದ್ದರಿಂದ ಅರ್ಜಿ ನಮೂನೆಗಳಲ್ಲಿ, ನೋಟಿಸುಗಳಲ್ಲಿ, ಸುದ್ದಿಗಳಲ್ಲಿ ಅಭಾವವನ್ನು ಅಭಾವವೆಂದೇ ಬರೆಯುವ ರೂಢಿ ಬರಬೇಕು. ಅದಕ್ಕೆ ಹೊಸ ಪದ ಟಂಕಿಸಬೇಕಾಗಿಲ್ಲ, ಬಗರ್ ಹುಕುಂ ಎಂಬ ಹಳೆಯ ಪದ ಜನರ ಬಾಯಲ್ಲಿ ಭದ್ರವಾಗಿದೆ. ಪರ್ಷಿಯನ್ ಮೂಲದ್ದೆಂದು ಅದನ್ನು ಕೈಬಿಡಬೇಕೆನ್ನುವವರಿಗೆ ಕನ್ನಡದ ಹಿಂದಿನ ಪ್ರತ್ಯಯವೇ ಇದೆ, ಮತ್ತು ಅದು ಜಪಾನಿಯ ‘ಮಿ’ ಮಾಡುವ ಕೆಲಸವನ್ನು ಇನ್ನೂ ಸೊಗಸಾಗಿ ಮಾಡುತ್ತದೆ.

ಆ ದಿನ ಅಜ್ಜಿ ಪಟ್ಟು ಬಿಡಲಿಲ್ಲ. ಬೇರೆ ಏನು ಬರೆಯಲಿ ಎಂದು ಅರ್ಜಿ ಬರೆಯುವವರು ನನ್ನ ಮುಖವನ್ನೂ ಒಮ್ಮೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, “ಇನ್ನೂ ಮಂಜೂರಾಗಿಲ್ಲ, ಉಳ್ತಾ ಇದೀವಿ, ಅಂತ ಬರಿ” ಎಂದರು. ಅವರು ಹಳೆಯ ಹಾಳೆಯನ್ನು ಹರಿದು ಹೊಸದನ್ನು ತೆಗೆದುಕೊಂಡು, ‘ಇದುವರೆಗೆ ಮಂಜೂರಾಗದ ಸದರಿ ಜಮೀನನ್ನು ಸಾಗುವಳಿ ಮಾಡಿಕೊಂಡು ಬಂದಿರುತ್ತೇನೆ’ ಎಂದು ಬರೆದು, ಅಜ್ಜಿಯ ಹೆಬ್ಬೆಟ್ಟಿಗೆ ಶಾಯಿ ಹಚ್ಚಿದರು.